ಏಳು ಸಾವಿರಕ್ಕೆ ಕೊಟ್ಟ ಶಹಬ್ಬಾಸ್‌ಗಿರಿ

ಸರ್ಕಾರಿ ಕಾಗದದಲ್ಲಿ ನನ್ನ ಹೆಸರು ಗಿರಿಜಾ. ಹಾನಗಲ್, ಶಿಗ್ಗಾವಿ, ಹಿರೇಕೆರೂರು, ಸವಣೂರು ಈ ನಾಲ್ಕೂ ತಾಲೂಕಿನ ಜನರ ಬಾಯಲ್ಲಿ ಮಾತ್ರ ನಾನು ‘ರಗತದ ಅಕ್ಕಾರು’. ಆಸ್ಪತ್ರೆಯ ಲ್ಯಾಬಿನಲ್ಲಿ ಕುಳಿತು ರಕ್ತ ತೆಗೆಯುವುದು, ಅದನ್ನು ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಮಾಡಿದೆ. ಈಗ ಅಕ್ಕಿಆಲೂರಿನಲ್ಲಿ ಮನೆ ಮಾಡಿಕೊಂಡಿದ್ದೇನೆ. ಇಲ್ಲಿನ ಸಂತೆಯಲ್ಲಿ ನನ್ನನ್ನು ಕಂಡ ಮಕ್ಕಳು ಇವತ್ತಿಗೂ ಅವ್ವನ ಸೆರಗಿನ ಹಿಂದೆ ಸೇರಿಕೊಳ್ಳುತ್ತಾರೆ. ಒಬ್ಬ ತಾಯಿಯಂತೂ ನನ್ನೆದುರಿಗೇ ಮಗನಿಗೆ, “ಉಣ್ಣಲಿಲ್ಲ ಅಂದ್ರ ನೋಡು, ಅಕ್ಕಾರ ಚೀಲದಾಗ ಸೂಜಿ ಐತಿ” ಎಂದು ಹೆದರಿಸಿದಳು. ನನ್ನ ಚೀಲದಲ್ಲಿದ್ದದ್ದು ಬದನೆಕಾಯಿ.

ಲ್ಯಾಬ್ ಕೋರ್ಸ್ ಓದುತ್ತಿರುವ ಮಕ್ಕಳು ಸಿಕ್ಕಾಗಲೆಲ್ಲ, “ಈಗ ಎಲ್ಲಾ ಮಶೀನ್ ಮಾಡ್ತೈತಲ್ರಿ, ನಮಗೇನ್ ಕೆಲಸ?” ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಸನ್ಮಾನದ ಶಾಲು ಇವನ್ನೆಲ್ಲ ಬಿಟ್ಟುಬಿಡುತ್ತೇನೆ. ಅವು ಎಲ್ಲರಿಗೂ ಒಂದೇ ತರ. ನಾನು ಮಾಡಿದ ಎರಡು ತಪ್ಪು ಮಾತ್ರ ನನ್ನವೇ. ಒಂದು ಕಣ್ಣಿನಿಂದ ಆದದ್ದು, ಇನ್ನೊಂದು ಬಾಯಿಯಿಂದ ಆದದ್ದು.

ನಾನು ಸೇರಿದ ಕಾಲಕ್ಕೆ ಲ್ಯಾಬ್ ಎಂದರೆ ಮಲೇರಿಯಾ. ಜ್ವರ ಎಂದು ಬಂದವರೆಲ್ಲರ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ನನಗೆ ಕೆಲಸ ಕಲಿಸಿದವರು ಪಾಟೀಲ ಸರ್ ಎಂಬ ಹಿರಿಯ ಟೆಕ್ನಿಷಿಯನ್. ಅವರ ಕೈ ಬಹಳ ಶುದ್ಧ, ಕಣ್ಣು ಬಹಳ ಚುರುಕು, ಸಹನೆ ಮಾತ್ರ ಕಮ್ಮಿ. ನಾನು ಒಂದು ಪಟ್ಟಿಯ ಮೇಲೆ ಹೆಚ್ಚು ಹೊತ್ತು ಕುಳಿತರೆ ಹಿಂದಿನಿಂದ ಗದರುತ್ತಿದ್ದರು: “ಬಿಳಿ ಕಣಾ ನೋಡ್ಕೋತ ಕುಂತ್ರ ಸಂಜಿ ಆಗ್ತೈತಿ. ಕೆಂಪು ಕಣದ ಹೊಟ್ಟ್ಯಾಗ ಉಂಗುರ ಐತೇನು ನೋಡು. ಇಲ್ಲಂದ್ರ ಮುಂದ ನಡಿ.” ಮಲೇರಿಯಾದ ಹುಳ ಉಂಗುರದ ಹಾಗೆ ಕಾಣುತ್ತದೆ. ಎರಡೇ ವರ್ಷದಲ್ಲಿ ಆ ಉಂಗುರವನ್ನು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಆ ಭಾಗದಲ್ಲಿ ಇರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ತಪ್ಪು ಬಂದದ್ದೂ ಆ ಹೆಮ್ಮೆಯ ಬಾಗಿಲಿನಿಂದಲೇ.

ಆಗ ನಾನು ಹಿರೇಕೆರೂರು ಭಾಗದ ಒಂದು ಚಿಕ್ಕ ಆಸ್ಪತ್ರೆಯಲ್ಲಿದ್ದೆ. ಆಸ್ಪತ್ರೆಯ ಹೆಸರು ಬೇಡ. ತಪ್ಪು ನನ್ನದು, ಆ ಕಟ್ಟಡದ್ದಲ್ಲ. ಅಬಲೂರಿನ ಆಚೆಯ ಹಳ್ಳಿಯೊಂದರಿಂದ ನಾಲ್ಕು ವರ್ಷದ ಗಂಡುಮಗುವನ್ನು ಕರೆತಂದರು. ಬಿಟ್ಟು ಬಿಟ್ಟು ಜ್ವರ, ಕಾಲುನೋವು, ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಚೀಟಿಯಲ್ಲಿ ‘ಮಲೇರಿಯಾ ನೋಡಿ’ ಎಂದಿತ್ತು. ನೋಡಿದೆ, ಇರಲಿಲ್ಲ. ‘ಇಲ್ಲ’ ಎಂದು ಬರೆದೆ. ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಮತ್ತೆ ನೋಡಿದೆ, ಮತ್ತೆ ‘ಇಲ್ಲ’ ಎಂದು ಬರೆದೆ. ಒಂದು ತಿಂಗಳ ನಂತರ ಹುಬ್ಬಳ್ಳಿಯಿಂದ ನಮ್ಮ ವೈದ್ಯೆ ಶೈಲಜಾ ಡಾಕ್ಟರಿಗೆ ಕಾಗದ ಬಂತು: ಮಗುವಿಗೆ ರಕ್ತದ ಕ್ಯಾನ್ಸರ್.

ಮಲೇರಿಯಾದ ಗಾಜಿನ ಪಟ್ಟಿಗಳನ್ನು ಮರುಪರೀಕ್ಷೆಗೆಂದು ಪೆಟ್ಟಿಗೆಯಲ್ಲಿ ಎತ್ತಿಡುವ ಪದ್ಧತಿ ಇತ್ತು. ಶೈಲಜಾ ಡಾಕ್ಟರ್ ಆ ಮಗುವಿನ ಪಟ್ಟಿಯನ್ನು ತಾವೇ ಹುಡುಕಿ ತೆಗೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕರೆದರು.

“ಏನ್ ಕಾಣ್ತೈತಿ ಹೇಳು.”

“ಮಲೇರಿಯಾ ಇಲ್ರಿ.”

“ಏನ್ ಇಲ್ಲ ಅಂತ ನಾ ಕೇಳಿಲ್ಲ ಗಿರಿಜಾ. ಏನ್ ಐತಿ ಹೇಳು.”

ಆಗ ನೋಡಿದೆ. ಪಟ್ಟಿಯ ತುಂಬ ಬಿಳಿ ಕಣಗಳು, ಒಂದರ ಪಕ್ಕ ಒಂದು, ದೊಡ್ಡದೊಡ್ಡವು. ಕಣದ ಒಡಲೆಲ್ಲ ತುಂಬಿಕೊಂಡ ಬೀಜ, ಅದರ ಸುತ್ತ ಒಂದು ತೆಳ್ಳನೆಯ ನೀಲಿ ಅಂಚು. ಬೆಳೆಯದೆ ಹೊರಬಿದ್ದ ಕೆಟ್ಟ ಕಣಗಳು ಅವು. ಎರಡು ಸಲ ನನ್ನ ಕಣ್ಣು ಅವುಗಳ ಮೇಲೆ ಹಾದು ಹೋಗಿತ್ತು. ನನ್ನನ್ನು ಕೇಳಿದ್ದು ಕೆಂಪು ಕಣದ ಉಂಗುರ. ಬಿಳಿಯದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆ ಮಗು ಹುಬ್ಬಳ್ಳಿ ತಲುಪುವ ಹೊತ್ತಿಗೆ ತಲೆಯೊಳಗೆ ರಕ್ತಸ್ರಾವವಾಗಿತ್ತು. ಒಂದೇ ವಾರದಲ್ಲಿ ತೀರಿಕೊಂಡಿತು. ನಾನು ಮೊದಲ ಸಲವೇ ಹಿಡಿದಿದ್ದರೆ ಬದುಕುತ್ತಿತ್ತೋ ಇಲ್ಲವೋ ಯಾರೂ ಹೇಳಲಾರರು. ಆದರೆ ಆ ತಿಂಗಳನ್ನು ನಾನು ಅದರಿಂದ ಕಸಿದುಕೊಂಡೆ ಎಂಬುದು ನನಗೆ ಗೊತ್ತು. ಆ ದುಃಖ ಇನ್ನೂ ಹೋಗಿಲ್ಲ, ಹೋಗುವುದೂ ಬೇಡ.

ಶೈಲಜಾ ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಎರಡು ದಿನ ಅತ್ತು ಮರೆತುಬಿಡುತ್ತಿದ್ದೆನೇನೋ. ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು, ದಿನಕ್ಕೊಂದು ಪಟ್ಟಿಯಲ್ಲಿ ನೂರು ಬಿಳಿ ಕಣ ಎಣಿಸಿ, ಯಾವ ಬಗೆಯವು ಎಷ್ಟು ಎಂದು ಬರೆದು ತಮಗೆ ತೋರಿಸಬೇಕು ಎಂದರು. ಯಾರೂ ಕೇಳದಿದ್ದರೂ ಎಣಿಸಬೇಕು. ಆ ನೋಟ್‌ಬುಕ್ ತುಂಬಿದ ಮೇಲೆ ಇನ್ನೊಂದು ಕೊಟ್ಟರು. ಅದೂ ತುಂಬುವ ಹೊತ್ತಿಗೆ ಬಿಳಿ ಕಣಗಳು ನನಗೆ ನೆರೆಮನೆಯವರಷ್ಟು ಪರಿಚಯವಾಗಿದ್ದವು. ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದೇ: ಚೀಟಿಯಲ್ಲಿ ಕೇಳಿದ್ದನ್ನು ನೋಡಿ, ಆಮೇಲೆ ಕೇಳದಿದ್ದುದನ್ನೂ ನೋಡಿ.

ಹಾನಗಲ್ಲು, ಶಿಗ್ಗಾವಿಗಳಲ್ಲಿ ಕಳೆದ ವರ್ಷಗಳಲ್ಲಿ ಇನ್ನೊಂದು ಸಂಗತಿ ಕಲಿತೆ. ನಮ್ಮ ಜನ ರಕ್ತಪರೀಕ್ಷೆಯನ್ನು ಶಾಲೆಯ ಪರೀಕ್ಷೆ ಎಂದೇ ತಿಳಿದಿದ್ದಾರೆ. ಬಸುರಿಯರು ಬೆಂಚಿನ ಮೇಲೆ ಕುಳಿತು, “ನಿಂದ್ ಎಷ್ಟ್ ಬಂತು?” “ಹನ್ನೊಂದು.” “ನಂದು ಎಂಟ ನೋಡವಾ” ಎಂದು ಹಿಮೋಗ್ಲೋಬಿನ್ನನ್ನು ಅಂಕಪಟ್ಟಿಯ ಹಾಗೆ ಹೋಲಿಸುತ್ತಾರೆ. ಗೊಟಗೋಡಿ ಕಡೆಯ ಒಬ್ಬ ಅತ್ತೆ, ಸೊಸೆಯ ರಕ್ತಪರೀಕ್ಷೆಯ ಹಿಂದಿನ ದಿನ ಅವಳಿಗೆ ನಾಲ್ಕು ಲೋಟ ಬೀಟ್‌ರೂಟ್ ರಸ ಕುಡಿಸಿ ಕರೆತಂದಿದ್ದಳು. ಸೊಸೆಗೆ ನನ್ನ ಮೇಜಿನ ಮೇಲೆಯೇ ವಾಂತಿ. ರಿಜಿಸ್ಟರೆಲ್ಲ ಕೆಂಪು. ಅವತ್ತು ನಕ್ಕು ಸುಮ್ಮನಾದೆ. ಅದರ ಹಿಂದಿರುವ ಬುದ್ಧಿಯನ್ನು ಇನ್ನಷ್ಟು ಯೋಚಿಸಬೇಕಿತ್ತು.

ಮುಂದೆ ಕಣ ಎಣಿಸುವ ಯಂತ್ರ ಬಂತು. ಒಂದು ತೊಟ್ಟು ರಕ್ತ ಹೀರಿಕೊಂಡು ಒಂದೇ ನಿಮಿಷದಲ್ಲಿ ಚೀಟಿ ಉಗುಳುತ್ತದೆ. ನಾನು ಯಂತ್ರದ ವಿರೋಧಿಯಲ್ಲ. ಅದು ದಣಿಯುವುದಿಲ್ಲ, ಮಧ್ಯಾಹ್ನ ಆಕಳಿಸುವುದಿಲ್ಲ. ಆದರೆ ಚಿಕ್ಕ ಆಸ್ಪತ್ರೆಗಳಿಗೆ ಬಂದ ಯಂತ್ರ ಬಿಳಿ ಕಣಗಳನ್ನು ಮೂರೇ ಗುಂಪಿಗೆ ಹಾಕುತ್ತದೆ. ಗೊತ್ತಿಲ್ಲದ ಕಣ ಬಂದರೆ ಇರುವ ಮೂರರಲ್ಲೇ ಒಂದು ಗುಂಪಿಗೆ ತಳ್ಳಿಬಿಡುತ್ತದೆ, ಅನುಮಾನದ ಒಂದು ಗುರುತು ಹಾಕಿದರೆ ಪುಣ್ಯ. ಆ ಗುರುತು ಕಂಡಾಗಲೆಲ್ಲ ನಾನು ಗಾಜಿನ ಪಟ್ಟಿ ಮಾಡುತ್ತಿದ್ದೆ. “ಅಕ್ಕಾರಿಗೆ ಮಶೀನ್ ಮ್ಯಾಲೆ ಸಂಶೇ” ಎಂದು ಜೊತೆಯವರು ಚಾಷ್ಟಿ ಮಾಡುತ್ತಿದ್ದರು. ಮಾಡಲಿ ಎಂದು ಬಿಟ್ಟಿದ್ದೆ.

ಆಫ್ರೀನ್ ನನ್ನ ಲ್ಯಾಬಿಗೆ ಬಂದದ್ದು ಹಾಗೆ. ಸವಣೂರಿನ ಎಲೆ ವ್ಯಾಪಾರಿ ಮಕ್ಬೂಲ್ ಅವರ ಮಗಳು, ಆರು ವರ್ಷ. ತಾಯಿ ಇಲ್ಲದ ಹುಡುಗಿ. ಸಾಕಿದವಳು ಮಕ್ಬೂಲರ ತಾಯಿ ಬೀಬಿಜಾನ್. ಹುಡುಗಿ ‘ದಾದಿ’ ಎನ್ನುತ್ತಿದ್ದಳು, ನಾವೂ ಹಾಗೇ ಕರೆದೆವು. ಮೂರು ವಾರದಿಂದ ಜ್ವರ, ಕಾಲಿನ ಮೇಲೆ ಬಿದ್ದಿಲ್ಲದಿದ್ದರೂ ನೀಲಿ ಕಲೆ, ಹಲ್ಲುಜ್ಜಿದರೆ ರಕ್ತ. ಯಂತ್ರದ ಚೀಟಿಯಲ್ಲಿ ಅನುಮಾನದ ಗುರುತು. ಪಟ್ಟಿ ಮಾಡಿ ಕಣ್ಣಿಟ್ಟೆ. ನೂರು ಎಣಿಸುವ ಅಗತ್ಯವೇ ಬೀಳಲಿಲ್ಲ. ಹಿರೇಕೆರೂರಿನ ಕಡೆ ಕಂಡ ಅದೇ ಮುಖಗಳು.

ಶೈಲಜಾ ಡಾಕ್ಟರೂ ಆಗ ಸವಣೂರು ಕಡೆಗೇ ಬಂದಿದ್ದರು. ಅವರು ಪಟ್ಟಿ ನೋಡಿ, ನನ್ನ ಭುಜದ ಮೇಲೆ ಒಮ್ಮೆ ಕೈಯಿಟ್ಟು, ನೇರ ಹುಬ್ಬಳ್ಳಿಗೆ ಫೋನ್ ಹಚ್ಚಿದರು. ಮಕ್ಬೂಲ್ ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡು ಅತ್ತರು. ಮಕ್ಕಳ ರಕ್ತದ ಕ್ಯಾನ್ಸರ್ ಈಗ ಬಹಳಷ್ಟು ಮಕ್ಕಳಲ್ಲಿ ಪೂರ್ತಿ ಗುಣವಾಗುತ್ತದೆ, ಆದರೆ ಸುಮಾರು ಎರಡೂವರೆ ವರ್ಷ ಔಷಧಿ ಬಿಡಬಾರದು ಎಂದು ಡಾಕ್ಟರ್ ವಿವರಿಸಿದರು. ದಾದಿ ಮಾತ್ರ ಅಳಲಿಲ್ಲ. ಅವಳ ಪ್ರಶ್ನೆ ಬೇರೆಯೇ ಇತ್ತು.

“ಒಂದ್ ತಿಂಗಳ ಔಷಧದಾಗ ಕೆಟ್ಟ ಕಣಾ ಹೋಗ್ತಾವ ಅಂತೀರಿ. ಮತ್ತ ಎರಡೂವರಿ ವರ್ಷ ಯಾಕ್ರಿ?”

ಉತ್ತರವನ್ನೂ ಅವಳೇ ಹುಡುಕಿಕೊಂಡಳು. ಅವರ ಮನೆಯಲ್ಲಿ ವೀಳ್ಯದೆಲೆಗಳನ್ನು ಹಸಿ ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ. “ಕಟ್ಟಿನೊಳಗ ಒಂದ್ ಎಲಿ ಕೊಳತಿದ್ರ ಮ್ಯಾಲೆ ಕಾಣಂಗಿಲ್ಲ. ಹೊರಗಿಂದ ಹಸರ ಇರ್ತೈತಿ. ಹಂಗೇನ್ರಿ?” ಎಂದಳು. ಹಾಗೆಯೇ ಎಂದೆ. ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಎಂಟು ತಿಂಗಳು ಜೋರು ಚಿಕಿತ್ಸೆ ನಡೆಯಿತು. ಕೂದಲು ಹೋಯಿತು, ಮುಖ ಊದಿತು, ಬಾಯಿಹುಣ್ಣಾಯಿತು. ಒಮ್ಮೊಮ್ಮೆ ಬೆನ್ನುಹುರಿಯ ಹತ್ತಿರ ಸೂಜಿ. ಒಳ್ಳೆಯ ಸುದ್ದಿಯೂ ಬಂತು: ಮೊದಲ ತಿಂಗಳ ಕೊನೆಗೆ ಮೂಳೆಯೊಳಗಿನ ಮಜ್ಜೆಯನ್ನು ಹೊಸ ಬಗೆಯ ಪರೀಕ್ಷೆಗೆ ಹಾಕಿದರೆ ಕೆಟ್ಟ ಕಣ ಒಂದೂ ಸಿಗಲಿಲ್ಲ. ನನ್ನ ಕಣ್ಣು ನೂರರಲ್ಲಿ ಕೆಲವನ್ನು ಹಿಡಿಯಬಲ್ಲದು. ಆ ಪರೀಕ್ಷೆ ಸಾವಿರ ಸಾವಿರ ಒಳ್ಳೆಯ ಕಣಗಳ ನಡುವೆ ಅಡಗಿದ ಒಂದನ್ನು ಎಳೆದು ತರುತ್ತದೆ. ಇದನ್ನು ಕಂಡುಹಿಡಿದವರಿಗೆ ನಾನು ಕೂತಲ್ಲಿಂದಲೇ ಕೈಮುಗಿದೆ.

ಆಮೇಲೆ ಮನೆಯಲ್ಲೇ ಗುಳಿಗೆ ನುಂಗುವ ಹಂತ ಬಂತು. ದಿನಾ ಒಂದು ಬಗೆ, ವಾರಕ್ಕೊಮ್ಮೆ ಇನ್ನೊಂದು ಬಗೆ. ತಿಂಗಳಿಗೊಮ್ಮೆ ನಮ್ಮ ಲ್ಯಾಬಿನಲ್ಲಿ ರಕ್ತ ಕೊಡುವುದು, ಆ ಚೀಟಿಯ ಫೋಟೋ ಹುಬ್ಬಳ್ಳಿಯ ಡಾಕ್ಟರಿಗೆ ಕಳಿಸುವುದು, ಅವರು ಗುಳಿಗೆಯ ಪ್ರಮಾಣ ಹೇಳುವುದು. ಆಫ್ರೀನ್ ಈಗ ಸೂಜಿಗೆ ಅಂಜುತ್ತಿರಲಿಲ್ಲ. ತೋಳು ತಾನೇ ಚಾಚಿ, “ಈ ಕಡೆ ನರಾ ಚಲೋ ಸಿಗ್ತೈತ್ರಿ” ಎಂದು ನನಗೇ ಕಲಿಸುತ್ತಿದ್ದಳು. ಯಂತ್ರದಿಂದ ಚೀಟಿ ಹೊರಬರುವವರೆಗೆ ದಾದಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಬಿಳಿ ಕಣ ಆರು ಸಾವಿರ, ಏಳು ಸಾವಿರ ಬಂದರೆ ನಾನು ದೊಡ್ಡ ದನಿಯಲ್ಲಿ, “ಶಹಬ್ಬಾಸ್! ರಗತ ಚಲೋ ಐತಿ” ಎಂದು ಹುಡುಗಿಯ ಬೆನ್ನು ತಟ್ಟುತ್ತಿದ್ದೆ. ಬೆಂಚಿನ ಮೇಲಿದ್ದವರೂ ತಲೆದೂಗುತ್ತಿದ್ದರು. ಅಜ್ಜಿ ಮೊಮ್ಮಗಳು ಮೆರವಣಿಗೆ ಹೊರಟವರ ಹಾಗೆ ಹೋಗುತ್ತಿದ್ದರು.

ನನ್ನ ಎರಡನೆಯ ತಪ್ಪು ಇದು. ಆರೋಗ್ಯವಂತ ಮಗುವಿಗೆ ಏಳು ಸಾವಿರ ಸರಿ. ಈ ಗುಳಿಗೆ ನುಂಗುವ ಮಗುವಿಗೆ ಸರಿಯಲ್ಲ. ಗುಳಿಗೆ ಕೆಲಸ ಮಾಡುತ್ತಿದ್ದರೆ ಬಿಳಿ ಕಣ ಸುಮಾರು ಮೂರು ಸಾವಿರದೊಳಗೆ ಇಳಿದಿರಬೇಕು. ಅದು ನನಗೆ ಅರ್ಧಂಬರ್ಧ ಗೊತ್ತಿತ್ತು. ಡಾಕ್ಟರಿಗೆ ಸಂಬಂಧಿಸಿದ್ದು ಎಂದು ಬಿಟ್ಟಿದ್ದೆ. ಹುಬ್ಬಳ್ಳಿಯ ಡಾಕ್ಟರ್, ಈ ಮಗುವಿನ ಮೈಗೆ ಗುಳಿಗೆ ಸಾಲುತ್ತಿಲ್ಲ ಎಂದು ತಿಳಿದು ಪ್ರಮಾಣ ಏರಿಸಿದರು. ಮುಂದಿನ ತಿಂಗಳೂ ಏಳು ಸಾವಿರ. ಇನ್ನೊಮ್ಮೆ ಏರಿಸಿದರು. ನಾನು ಇನ್ನೊಮ್ಮೆ ಶಹಬ್ಬಾಸ್ ಎಂದೆ.

ಒಂದು ಬುಧವಾರ ಬೆಳಿಗ್ಗೆ, ತಿಂಗಳ ಪರೀಕ್ಷೆಗೆ ಇನ್ನೂ ಎರಡು ವಾರ ಇರುವಾಗ, ಮಕ್ಬೂಲ್ ಮಗಳನ್ನು ಹೊತ್ತುಕೊಂಡೇ ಓಡಿ ಬಂದರು. ಮೈ ಸುಡುತ್ತಿತ್ತು. ರಕ್ತ ತೆಗೆದು ಯಂತ್ರಕ್ಕೆ ಹಾಕಿದೆ. ಬಿಳಿ ಕಣ ಒಂಬೈನೂರು. ಯಂತ್ರ ಕೆಟ್ಟಿದೆ ಎಂದುಕೊಂಡು ಮತ್ತೆ ಹಾಕಿದೆ. ಒಂಬೈನೂರೇ. ಕಾಯಿಲೆ ತಿರುಗಿ ಬಂತೇ ಎಂದು ಅಂಜಿದೆ. ಗಾಜಿನ ಪಟ್ಟಿ ಮಾಡಿದೆ. ಕೆಟ್ಟ ಕಣ ಒಂದೂ ಇಲ್ಲ. ಒಳ್ಳೆಯವೂ ಇಲ್ಲ. ಕಳೆ ತೆಗೆಯಲು ಹೋಗಿ ಪೈರನ್ನೂ ಕಿತ್ತ ಹೊಲದ ಹಾಗೆ ಪಟ್ಟಿಯೆಲ್ಲ ಬರಿದು. ಸೋಂಕಿನೊಡನೆ ಕಾದಾಡಲು ಆ ಮೈಯಲ್ಲಿ ಸೈನ್ಯವೇ ಉಳಿದಿರಲಿಲ್ಲ.

ಶೈಲಜಾ ಡಾಕ್ಟರ್ ಒಂದು ಕ್ಷಣ ಕಳೆಯದೆ ನರಕ್ಕೆ ಔಷಧಿ ಹಾಕಿ ಆಂಬ್ಯುಲೆನ್ಸಿಗೆ ಹೇಳಿದರು. ಅದು ಬರುವವರೆಗೆ ನಾನು ಆಫ್ರೀನಳ ಹಾಸಿಗೆಯ ಪಕ್ಕ ಕುಳಿತಿದ್ದೆ. ದಾದಿ ಹೊರಗೆ ಜಪಮಾಲೆ ಹಿಡಿದು ನಿಂತಿದ್ದಳು.

“ಹದಿನೈದ ದಿನದಾಗ ಹಿಂಗ್ಯಾಕಾತ ಮಗಳ? ಹೋದ ಸಲ ಏಳು ಸಾವಿರ ಇತ್ತಲ್ಲ?” ನನಗೆ ನಾನೇ ಗೊಣಗಿಕೊಂಡಂತೆ ಕೇಳಿದೆ.

ಹುಡುಗಿ ಕಣ್ಣು ತೆರೆಯದೆಯೇ ಹೇಳಿದಳು: “ಅದಕ್ಕ ನಾ ತಯಾರಿ ಮಾಡಿದ್ದೆ ಅಲ್ರಿ. ನಿಮ್ಮ ಟೆಸ್ಟ್ ಇನ್ನೂ ದೂರ ಐತಿ. ದಾದಿ ಇನ್ನೂ ಗುಳಿಗಿ ನಿಲ್ಲಿಸಿಲ್ಲ.”

ನಾನು ಎದ್ದು ಹೊರಗೆ ಬಂದೆ. ದಾದಿಯನ್ನು ನೋಡಿದೆ. ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡು ಎಲ್ಲವನ್ನೂ ಹೇಳಿದಳು. ಪರೀಕ್ಷೆಗೆ ಎಂಟು ಹತ್ತು ದಿನ ಮೊದಲು ಗುಳಿಗೆ ನಿಲ್ಲಿಸುತ್ತಿದ್ದಳು, ಮೂರು ನಾಲ್ಕು ತಿಂಗಳಿಂದ. ಅಷ್ಟರಲ್ಲಿ ಬಿಳಿ ಕಣ ಏರುತ್ತಿದ್ದವು. ಚೀಟಿ ನೋಡಿ ಡಾಕ್ಟರ್ ಪ್ರಮಾಣ ಏರಿಸುತ್ತಿದ್ದರು. ಪರೀಕ್ಷೆ ಮುಗಿದ ಸಂಜೆಯಿಂದ ಏರಿಸಿದ ಗುಳಿಗೆಯನ್ನು ಪ್ರಾಮಾಣಿಕವಾಗಿ ನುಂಗಿಸುತ್ತಿದ್ದಳು. ಒಂದು ಕಡೆ ಗುಳಿಗೆ ತಪ್ಪಿ ಕಾಯಿಲೆ ತಿರುಗಿ ಬರುವ ಭಯ, ಇನ್ನೊಂದು ಕಡೆ ಗುಳಿಗೆ ಹೆಚ್ಚಾಗಿ ಮಗು ಸೋಂಕಿಗೆ ತುತ್ತಾಗುವ ಭಯ. ಎರಡರ ನಡುವೆ ಏಳು ವರ್ಷದ ಹುಡುಗಿ. ತಕ್ಷಣ ಹುಬ್ಬಳ್ಳಿಯ ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಆಂಬ್ಯುಲೆನ್ಸ್ ತಲುಪುವ ಮೊದಲೇ ಅವರಿಗೆ ಕಾರಣ ಗೊತ್ತಾಗಿದ್ದರಿಂದ ಕಾಯಿಲೆ ತಿರುಗಿ ಬಂತೆಂದು ಹುಡುಕಾಡುವ ಹೊತ್ತು ಉಳಿಯಿತು.

ನಾಲ್ಕು ದಿನ ಆಫ್ರೀನ್ ಬದುಕುತ್ತಾಳೋ ಇಲ್ಲವೋ ಎಂಬ ಸ್ಥಿತಿ. ಐದನೆಯ ದಿನ ಜ್ವರ ಇಳಿಯಿತು. ಭಾನುವಾರ ನಾನು ಬಸ್ ಹತ್ತಿ ಹೋದೆ. ದಾದಿ ವಾರ್ಡಿನ ಹೊರಗೆ ನೆಲದ ಮೇಲೆ ಕುಳಿತಿದ್ದಳು. ನನ್ನನ್ನು ಕಂಡು ಎದ್ದವಳು ಕಾಲಿಗೇ ಬೀಳಲು ಬಂದಳು.

“ನನ್ನ ಪೊಲೀಸ್ರಿಗೆ ಕೊಡ್ರಿ ಅಕ್ಕಾರ. ನನ್ ಕೈಲೆ ನಾನ ವಿಷಾ ಹಾಕಿದಂಗಾತು.”

“ಕುಂದರ್ರಿ ದಾದಿ. ಯಾಕ ನಿಲ್ಲಿಸಿದ್ರಿ, ಅದನ್ನ ಹೇಳ್ರಿ.”

ಅವಳು ಹೇಳಿದ್ದರಲ್ಲಿ ಮೂರ್ಖತನ ಒಂದು ಚೂರೂ ಇರಲಿಲ್ಲ. “ಇದ ವಾರ್ಡಿನ್ಯಾಗ ಎಂಟ್ ತಿಂಗಳ ನೋಡೇನಿ. ಕೌಂಟ್ ಇಳೀತಂದ್ರ ಮಾರಿಗೆ ಬಟ್ಟಿ ಕಟ್ರಿ, ಯಾರ್ನೂ ಹತ್ರ ಬಿಡಬ್ಯಾಡ್ರಿ ಅಂತಿದ್ರು. ಏರಿತಂದ್ರ ಮನಿಗೆ ಹೋಗ್ರಿ ಅಂತಿದ್ರು. ಮನಿಗೆ ಬಂದ ಮ್ಯಾಲೆ ಒಂದ್ ಸಲ ಮೂರು ಸಾವಿರ ಬಂತು. ನೀವು ಏನೂ ಅನ್ನಲಿಲ್ಲ. ಸುಮ್ನ ಚೀಟಿ ಕೊಟ್ರಿ. ಹುಡುಗಿ ಮಾರಿ ಸಣ್ಣ ಮಾಡಿಕೊಂಡ್ಲು. ಮುಂದಿನ ತಿಂಗಳ ಗುಳಿಗಿ ತರೂದು ತಡ ಆಗಿ ಒಂದ್ ವಾರ ತಪ್ಪಿತು. ಆ ಸಲ ಏಳು ಸಾವಿರ ಬಂತು. ನೀವು ಶಹಬ್ಬಾಸ್ ಅಂದ್ರಿ. ಇಡೀ ಲ್ಯಾಬ್ ಕೇಳೂವಂಗ ಅಂದ್ರಿ.”

ಬೀಟ್‌ರೂಟ್ ಕುಡಿಸಿದ ಅತ್ತೆಯನ್ನು ನೋಡಿ ನಕ್ಕವಳು ನಾನು. ಇಲ್ಲಿ ಅಂಕ ಕೊಡುವ ಮಾಸ್ತರಿಕೆಯನ್ನು ನಾನೇ ಮಾಡಿದ್ದೆ. ಅವಳ ಪಕ್ಕ ನೆಲದ ಮೇಲೆ ಕುಳಿತು ಅಷ್ಟನ್ನೇ ಹೇಳಿದೆ: “ಈ ತಪ್ಪಿನ್ಯಾಗ ಅರ್ಧಾ ನಂದೂ ಐತಿ ದಾದಿ.” ಇಬ್ಬರೂ ಅತ್ತೆವು. ಆಮೇಲೆ ಅವಳಿಗೆ ಹೊಸ ಲೆಕ್ಕ ಕಲಿಸಿದೆ. ಗುಳಿಗೆ ಇರುವತನಕ ಕೌಂಟು ಮೂರು ಸಾವಿರದ ಹತ್ತಿರ ಇದ್ದರೆ ಗುಳಿಗೆ ತನ್ನ ಕೆಲಸ ಮಾಡುತ್ತಿದೆ. ಏಳು ಬಂದರೆ ಅಂಜಬೇಕು.

ಆ ಆಸ್ಪತ್ರೆಯಲ್ಲಿ ಆಗ ಒಂದು ಸಂಶೋಧನೆ ನಡೆಯುತ್ತಿತ್ತು. ಮನೆಯಲ್ಲಿ ಗುಳಿಗೆಗಳು ಯಾಕೆ ತಪ್ಪುತ್ತವೆ ಎಂದು ಕುಟುಂಬಗಳನ್ನು ಕೂರಿಸಿಕೊಂಡು ಕೇಳುತ್ತಿದ್ದರು. ಜೊತೆಗೆ ಒಂದು ಚಿಕ್ಕ ಸೀಸೆ ರಕ್ತ ಕೇಳುತ್ತಿದ್ದರು. ಕೆಲವು ಮಕ್ಕಳ ಮೈ ಹುಟ್ಟಿನಿಂದಲೇ ಈ ಗುಳಿಗೆಯನ್ನು ತಡೆದುಕೊಳ್ಳುವುದಿಲ್ಲ, ಅವರಿಗೆ ಕಡಿಮೆ ಪ್ರಮಾಣ ಸಾಕು. ಅಂಥವರನ್ನು ಮೊದಲೇ ಗುರುತಿಸುವ ಪರೀಕ್ಷೆ ನಮ್ಮ ಮಕ್ಕಳಿಗೆ ಎಷ್ಟು ಉಪಯೋಗ ಎಂದು ನೋಡುತ್ತಿದ್ದರು. ಮಕ್ಬೂಲ್ ಒಪ್ಪಲಿಲ್ಲ.

“ನನ್ ಮಗಳ ಮ್ಯಾಲೆ ಪ್ರಯೋಗ ಮಾಡ್ತಾರೇನ್ರಿ? ಮತ್ತ ನಮ್ಮವ್ವ ಮಾಡಿದ್ದು ಸವಣೂರಿನ್ಯಾಗ ಗೊತ್ತಾದ್ರ ನಾಲ್ಕ್ ಮಂದಿ ಏನಂತಾರ?”

ಹೆಸರು ಎಲ್ಲೂ ಬರುವುದಿಲ್ಲ, ಬೇಡ ಎಂದರೂ ಚಿಕಿತ್ಸೆಯಲ್ಲಿ ಎಳ್ಳಷ್ಟೂ ವ್ಯತ್ಯಾಸ ಆಗುವುದಿಲ್ಲ ಎಂದು ಡಾಕ್ಟರ್ ಕಾಗದ ಓದಿ ಹೇಳಿದರು. ಮಕ್ಬೂಲ್ ನನ್ನತ್ತ ನೋಡಿದರು. ನಾನು ಒತ್ತಾಯ ಮಾಡಲಿಲ್ಲ. ಇಷ್ಟು ಮಾತ್ರ ಅಂದೆ: “ನಿಮ್ಮ ಮಗಳು ನುಂಗೂ ಗುಳಿಗೀನ ಮೊದಲ ಯಾರದೋ ಕೂಸು ನುಂಗೇತಿ. ಅವರ ಅಪ್ಪಾನೂ ನಿಮ್ಮಂಗ ಇಲ್ಲೇ ಎಲ್ಲೋ ನಿಂತು ಅಂಜಿರಬೇಕು. ಅವರ ಹೆ‍ಸರು ನಮಗ ಗೊತ್ತಿಲ್ಲ.” ಅವರು ಏನೂ ಹೇಳುವ ಮೊದಲೇ ದಾದಿ ಹೆಬ್ಬೆಟ್ಟು ಚಾಚಿದಳು. “ಮಸಿ ಹಚ್ರಿ. ಇನ್ನೊಬ್ಬಾಕಿ ದಾದಿ ಹಿಂಗ ಮಾಡಬಾರದು.” ಮಗಳ ರಕ್ತಕ್ಕೆ ಸಹಿ ಮಾಡಬೇಕಾದವರು ಮಕ್ಬೂಲ್, ತಾಯಿಯ ಬೆರಳಿನ ಮಸಿ ನೋಡಿ ಅವರೂ ಸಹಿ ಹಾಕಿದರು. ಅವಳ ಮಾತು ಮುಗಿದ ಮೇಲೆ ನಾನೂ ಆ ಸಂಶೋಧಕರ ಎದುರು ಕುಳಿತು ನನ್ನ ಶಹಬ್ಬಾಸ್‌ಗಿರಿಯ ಕತೆ ಬರೆಸಿದೆ. ಅಜ್ಜಿಯ ತಪ್ಪು ಮಾತ್ರ ದಾಖಲಾಗಿ ನನ್ನದು ಉಳಿದುಹೋಗುವುದು ನ್ಯಾಯವಲ್ಲ.

ಗುಳಿಗೆಯನ್ನು ಮೊದಲಿನ ಪ್ರಮಾಣಕ್ಕೆ ಇಳಿಸಿ ಮತ್ತೆ ಶುರುಮಾಡಿದರು. ದಾದಿ ದಿನಾ ಗುಳಿಗೆ ನುಂಗಿಸಿದ ಕೂಡಲೇ ಎಲೆಗೆ ಹಚ್ಚುವ ಸುಣ್ಣದಲ್ಲಿ ಬೆರಳದ್ದಿ ಬಾಗಿಲ ಹಿಂದಿನ ಗೋಡೆಗೆ ಒಂದು ಬೊಟ್ಟು ಇಡತೊಡಗಿದಳು. ನಾನು ಒಮ್ಮೆ ಆ ಮನೆಗೆ ಹೋದಾಗ ನೋಡಿದೆ, ಸಾಲಿಗೆ ಏಳರಂತೆ ಗೋಡೆಯ ಅರ್ಧ ತುಂಬಿತ್ತು. ಹುಬ್ಬಳ್ಳಿಯ ಡಾಕ್ಟರಿಗೆ ಆ ಗೋಡೆಯ ಫೋಟೋ ಕಳಿಸಿದೆ. ಬೇರೆ ಮನೆಗಳಿಗೂ ಅವರು ಇದನ್ನು ಹೇಳಿಕೊಡುತ್ತಿದ್ದಾರೆ. ಕೌಂಟು ಎರಡೂವರೆ ಸಾವಿರ, ಮೂರು ಸಾವಿರ, ಎರಡು ಸಾವಿರದ ಎಂಟುನೂರು ಹೀಗೆ ಬರತೊಡಗಿತು. ನಾನು ಶಹಬ್ಬಾಸ್ ಎನ್ನುವುದನ್ನು ನಿಲ್ಲಿಸಿದೆ. ಗುಳಿಗೆ ತನ್ನ ಕೆಲಸ ಮಾಡುತ್ತಿದೆ ಎಂದಷ್ಟೇ ಹೇಳಿ ಚೀಟಿ ಕೊಡುತ್ತಿದ್ದೆ.

ಚಿಕಿತ್ಸೆ ಪೂರ್ತಿ ಮುಗಿಯಿತು. ಅದೇ ವರ್ಷ ನಾನೂ ನಿವೃತ್ತಳಾದೆ. ಹೋಗುವ ಮೊದಲು ನನ್ನ ಜಾಗಕ್ಕೆ ಬಂದ ಹುಡುಗಿಗೆ ಮೂರು ವಾರ ಕೆಲಸ ತೋರಿಸಿದೆ, ಮುಖ್ಯವಾಗಿ ಒಂದೇ ಮಾತನ್ನು ತಲೆಗೆ ತುಂಬಿದೆ: “ಚೀಟಿ ಕೊಡೂವಾಗ ಚಲೋ ಅನಬ್ಯಾಡ, ಕೆಟ್ಟ ಅನಬ್ಯಾಡ. ಮಾರಿನೂ ಮಾತಾಡಬಾರದು.” ಹುಡುಗಿ ಬಲು ಶ್ರದ್ಧೆಯಿಂದ ಬರೆದುಕೊಂಡಳು.

ಏಳೆಂಟು ತಿಂಗಳು ಕಳೆದಿರಬೇಕು. ಒಂದು ಶನಿವಾರ ಮುಂಜಾನೆ ಹತ್ತರ ಹೊತ್ತಿಗೆ ಅಕ್ಕಿಆಲೂರಿನ ನನ್ನ ಮನೆಯ ಕಟ್ಟೆಯ ಮೇಲೆ ದಾದಿ ಬಂದು ಕುಳಿತಿದ್ದಳು, ಪಕ್ಕದಲ್ಲಿ ಆಫ್ರೀನ್. ಸವಣೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ದಾದಿಯ ತುಟಿ ಒಣಗಿತ್ತು. ನೀರು ಕೊಟ್ಟರೆ ಮುಟ್ಟಲಿಲ್ಲ. ಸೆರಗಿನ ಗಂಟು ಬಿಚ್ಚಿ ಚೀಟಿ ನನ್ನ ಕೈಗಿಟ್ಟಳು.

“ನಿನ್ನಿ ರಗತ ಕೊಟ್ವಿರಿ. ಆ ಹೊಸಾ ಹುಡುಗಿ ಹೆಂಗೈತಿ ಅಂದ್ರ ಡಾಕ್ಟರ್ ಹೇಳ್ತಾರ ಅಂದ್ಲು. ಡಾಕ್ಟರ್ ಸೋಮವಾರ ಬರ್ತಾರಂತ. ಆಕಿ ಮಾರಿ ನೋಡಿದ್ರ ಗ್ವಾಡಿ ಇದ್ದಂಗ. ರಾತ್ರಿ ನಿದ್ದಿ ಹತ್ತಲಿಲ್ರಿ. ಏಳು ಸಾವಿರ ಐತಿ ಅಕ್ಕಾರ. ಏಳು. ಬ್ಯಾನಿ ತಿರುಗಿ ಬಂತೇನ್ರಿ? ಅವಾಗ ನಾ ತಪ್ಪಿಸಿದ ಗುಳಿಗಿಂದ ಬಂತೇನ್ರಿ?”

ಕನ್ನಡಕ ಹಾಕಿಕೊಂಡು ಚೀಟಿಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದೆ. ಬಿಳಿ ಕಣ ಏಳು ಸಾವಿರದ ನೂರು. ಹಿಮೋಗ್ಲೋಬಿನ್ ಹನ್ನೆರಡು. ಉಳಿದದ್ದೆಲ್ಲ ಎಲ್ಲಿರಬೇಕೋ ಅಲ್ಲಿ. ಯಂತ್ರದ ಅಕ್ಷರಗಳ ಕೆಳಗೆ ಆ ಹೊಸ ಹುಡುಗಿ ತನ್ನ ಕೈಯಿಂದ, ಗಾಜಿನ ಪಟ್ಟಿ ಮಾಡಿ ನೋಡಲಾಗಿದೆ, ಅಸಹಜ ಕಣಗಳಿಲ್ಲ ಎಂದು ಬರೆದಿದ್ದಳು. ಕೆಲಸ ಅಪ್ಪಟವಾಗಿ ಮಾಡಿದ್ದಳು. ನಾನು ಕಲಿಸಿದ್ದನ್ನು ಒಂದಕ್ಷರ ಬಿಡದೆ ಪಾಲಿಸಿ ಈ ಮುದುಕಿಯನ್ನು ಒಂದಿಡೀ ರಾತ್ರಿ ಸಾಯಿಸಿದ್ದಳು. ಹಾಗಾಗಿ ಹೊಸಬರೇ, ನಾನು ಕೊಟ್ಟ ಆ ಪಾಠ ಅರ್ಧವೇ ಸರಿ. ಎದುರಿಗೆ ನಿಂತವರು ಯಾವುದಕ್ಕೆ ಹೆದರಿದ್ದಾರೆ ಎಂದು ಮೊದಲು ಕೇಳಿ, ಆಮೇಲೆ ಬಾಯಿ ಮುಚ್ಚಬೇಕೋ ತೆರೆಯಬೇಕೋ ನಿರ್ಧರಿಸಿ.

“ದಾದಿ, ಈಗ ಗುಳಿಗಿ ಇಲ್ಲ. ಈ ಏಳು ಸಾವಿರ ಯಾರೂ ಏರಿಸಿದ್ದಲ್ಲ, ಯಾರೂ ಇಳಿಸಿದ್ದಲ್ಲ. ನಮ್ಮ ಆಫ್ರೀನಳ ಮೈ ತಾನ ಮಾಡಿಕೊಂಡಿದ್ದು. ನಮಗ ನಿಮಗ ಇರೂವಷ್ಟ ಐತಿ.”

“ಮುಂದ ಬರೂದಿಲ್ಲ ಅಂತ ಹೇಳ್ತೀರೇನು?”

“ಮುಂದಿಂದು ನನಗ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಅದಕ್ಕ ಆಗಾಗ ನೋಡ್ಕೋತ ಇರಬೇಕು. ಇವತ್ತಿಂದು ಹೇಳ್ತೇನಿ.”

“ಹಂಗಾರ ಈಗರ ಚಲೋ ಅನ್ನಬಹುದೇನ್ರಿ?”

“ಚಲೋ ಐತಿ ದಾದಿ.”

ಅವಳು ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದಳು. ಮತ್ತೆ ಬಿಚ್ಚಿದಳು. ಆಫ್ರೀನ್ ನಾಚಿಕೆಯಿಂದ ಬೀದಿಯ ಕಡೆ ಮುಖ ತಿರುಗಿಸಿದ್ದಳು.

“ಇನ್ನೊಮ್ಮೆ ಅನ್ರಿ ಅಕ್ಕಾರ.”

ಅಂದೆ. ದಾದಿ ಆಗ ನೀರಿನ ತಂಬಿಗೆ ಎತ್ತಿಕೊಂಡು ಗಟಗಟ ಕುಡಿದಳು.